ಹಿಂದಿನ ಗೇಟು

"ಕೀಲಿಕೈ ಇಲ್ಲಂದ್ರ ಹೆಂಗ್ರಿ ಸರ? ಅವರು ಆಗಲೇ ಬಂದು ಕುಂತಾರ, ನೋಡ್ರಿ."

ನಿಶ್ಚಿತಾ ಹಿಂದಿನ ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಆಚೆ ತೋರಿಸಿದಳು. ಗಲ್ಲಿಯ ಬೇವಿನ ಮರದ ಕೆಳಗೆ ಇಪ್ಪತ್ತರಷ್ಟು ಹೆಂಗಸರು ಕೂತಿದ್ದರು. ಬಣ್ಣದ ಕಾರ್ಖಾನೆಯಲ್ಲಿ ಯಾರು ಯಾವ ಶೆಡ್ಡಿನವರು ಎಂದು ಕೇಳಬೇಕಾಗಿರಲಿಲ್ಲ. ನೀಲಿ ಶೆಡ್ಡಿನವರಿಗೆ ಕಣ್ಣರೆಪ್ಪೆಯ ಕೂದಲೂ ನೀಲಿ. ಕೆಂಪು ಶೆಡ್ಡಿನವರಿಗೆ ಉಗುರಿನ ಬುಡ, ಕಿವಿಯ ಮಡಿಕೆ, ಕುತ್ತಿಗೆಯ ಗೆರೆ ಎಲ್ಲ ಕೆಂಪು. ಊರೂರಿನ ಸೀರೆಗಳಿಗೆ ಬಣ್ಣ ಹೋಗುವುದು ಇವರ ಕಾರ್ಖಾನೆಯಿಂದ. ಚೀಲಕ್ಕೆ ತುಂಬುವಾಗ ಹಾರಿದ ಪುಡಿ ಇವರ ಪಾಲು.

"ಏನ್ ಮಾಡೋದಮ್ಮ, ಆ ಬೀಗದ ಕೈ ಹಳೇ ಕಾರ್ಯದರ್ಶಿ ಬಾಲಚಂದ್ರನ ಹತ್ರ ಉಳಿದುಬಿಡ್ತು," ಎಂದರು ಕೃಷ್ಣರಾಜರು. ಅವರು ಕನ್ನಡ ಸಂಘದ ಅಧ್ಯಕ್ಷರು, ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿ. ಇವತ್ತು ಅವರ ತಲೆಯ ಮೇಲೆ ಜರಿ ಪೇಟ, ಮೈಮೇಲೆ ರೇಷ್ಮೆ ಜುಬ್ಬ. "ಅವನಿಗೆ ವಡೋದರಾಕ್ಕೆ ವರ್ಗ ಆಯ್ತಲ್ಲ. ಫೋನ್ ಮಾಡ್ದೆ, ಎತ್ಲಿಲ್ಲ. ಹೋಗ್ಲಿ ಬಿಡು, ಇನ್ನೊಂದ್ಸಲ ನೋಡೋಣ."

"ಇನ್ನೊಂದ್ಸಲ ಎಲ್ಲೈತ್ರಿ? ನಾಳೆ ಮಷಿನ್ ಸೂರತ್ತಿಗೆ ಹೋಗತೈತಿ."

ಕೃಷ್ಣರಾಜರು ಪೇಟ ಸರಿಮಾಡಿಕೊಂಡು, ಮೈಕು ಕರೆಯಿತೆಂಬಂತೆ ಒಳಗೆ ಹೋದರು. ಮೈಕು ಇನ್ನೂ ಯಾರನ್ನೂ ಕರೆದಿರಲಿಲ್ಲ.

ಸಂಘದ ಸದಸ್ಯರೆಲ್ಲ ಇರುವುದು ಊರಿನ ಪಶ್ಚಿಮದ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟುಗಳಲ್ಲಿ. ಸಂಘದ ಭವನ ಮಾತ್ರ ಅಹಮದಾಬಾದಿನ ಈ ತುದಿಯ ವಟ್ವಾದಲ್ಲಿ. ಜಾಗ ಅಗ್ಗ ಎಂದು ಹಿಂದಿನವರು ಕೊಂಡರು. ಇಲ್ಲಿಯ ಗಾಳಿಯೆಲ್ಲ ಕಾರ್ಖಾನೆಗಳ ಘಾಟೆಂದು ಕೊಂಡವರಿಗೆ ಗೊತ್ತಿರಲಿಲ್ಲ, ಮಾರಿದವರಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆಂದು ಎಲ್ಲರೂ ಕಾರಿನ ಗಾಜು ಏರಿಸಿಕೊಂಡು ಬರುತ್ತಾರೆ, ನಾಡಗೀತೆ ಹಾಡುತ್ತಾರೆ, ಹೋಳಿಗೆ ಉಂಡು ಗಾಜು ಏರಿಸಿಕೊಂಡೇ ಹೋಗುತ್ತಾರೆ. ಇಲ್ಲೇ ಉಸಿರಾಡುವವರು ಏನು ಏರಿಸಿಕೊಳ್ಳಬೇಕು ಎಂದು ಯಾವ ಭಾಷಣವೂ ಇದುವರೆಗೆ ಕೇಳಿರಲಿಲ್ಲ.

ನಿಶ್ಚಿತಾ ರಾಯಚೂರು ಕಡೆಯ ಹುಡುಗಿ, ಎಕ್ಸ್‌ರೇ ತಂತ್ರಜ್ಞೆ. ಆಸ್ಪತ್ರೆಗೆ ಹೋಗಲಾಗದವರ ಬಳಿಗೆ ತಾನೇ ಹೋಗಿ ಎದೆಯ ಚಿತ್ರ ತೆಗೆಯುವುದು ಅವಳ ಟ್ರಸ್ಟಿನ ಕೆಲಸ. ಯಂತ್ರ ದೊಡ್ಡದಲ್ಲ, ದಪ್ಪ ಕ್ಯಾಮೆರಾದ ಹಾಗೆ; ಎತ್ತಿದರೆ ಹಸುಗೂಸಿನ ಭಾರ. ಬ್ಯಾಟರಿಯ ಮೇಲೆ ನಡೆಯುತ್ತದೆ. ಎದೆಗೊತ್ತಿ ಹಿಡಿಯಲು ಒಂದು ಹಲಗೆ, ಚಿತ್ರ ನೋಡಲು ಒಂದು ಟ್ಯಾಬ್ಲೆಟ್. ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು ಶೇರ್ ಆಟೋ ಹತ್ತಬಹುದು. ಕಳೆದ ವಾರ ವಡೋದರಾದ ಇಟ್ಟಿಗೆ ಭಟ್ಟಿಗಳಲ್ಲಿ ಇದ್ದಳು. ನಾಳೆಯಿಂದ ಸೂರತ್ತಿನ ಮಗ್ಗದ ಶೆಡ್ಡುಗಳು. ಆದರೆ ಬಣ್ಣದ ಕಾರ್ಖಾನೆಯ ಗೇಟಿನೊಳಗೆ ಯಂತ್ರವನ್ನು ಬಿಡಲಿಲ್ಲ. ಬಿಸಿಲಲ್ಲಿ, ಜನ ಓಡಾಡುವ ಗಲ್ಲಿಯಲ್ಲಿ ಕಿರಣ ಹಾಯಿಸುವ ಹಾಗಿಲ್ಲ. ಒಂದು ಗೋಡೆ, ಒಂದು ಸೂರು ಬೇಕು. ಹಾಗಾಗಿ ಸಂಘದ ಜೊತೆ ಒಪ್ಪಂದವಾಗಿತ್ತು. ಊಟಕ್ಕೆ ಸ್ವಲ್ಪ ಮೊದಲು ಸದಸ್ಯರಿಗೆ ಪ್ರಾತ್ಯಕ್ಷಿಕೆ. ಮಧ್ಯಾಹ್ನ ಎಲ್ಲರೂ ಮುಂದಿನ ಅಂಗಳದ ಪೆಂಡಾಲಿನಲ್ಲಿ ಊಟಕ್ಕೆ ಕೂತಾಗ, ಖಾಲಿಯಾದ ಹಾಲಿನಲ್ಲಿ ಈ ಹೆಂಗಸರಿಗೆ ಚಿತ್ರ. ಅವರ ಊಟದ ಗಂಟೆಯೂ ಆಗಲೇ.

ಕೃಷ್ಣರಾಜರು ಖುಷಿಯಿಂದಲೇ ಒಪ್ಪಿದ್ದರು. ಆಮೇಲೆ ಮುಖ್ಯ ಅತಿಥಿ ಗೊತ್ತಾದರು: ಬಣ್ಣದ ಕಾರ್ಖಾನೆಯ ಮ್ಯಾನೇಜರ್ ನಿತಿನ್‌ಭಾಯ್. ಹೋಳಿಗೆಯ ತುಪ್ಪ ಅವರ ಕಡೆಯಿಂದ. ಬೀಗದ ಕೈ ವಡೋದರಾಕ್ಕೆ ಹೋದದ್ದು ಅದರ ನಂತರ.

"ಮುಂದಿನ ಗೇಟಿಂದ ಬರ್ತೀರೇನು?" ನಿಶ್ಚಿತಾ ತನ್ನ ಹರಕು ಗುಜರಾತಿಯಲ್ಲಿ ಕೇಳಿದಳು.

ಸುಶೀಲಾಬೆನ್ ಎದ್ದು ಸರಳುಗಳ ಹತ್ತಿರ ಬಂದಳು. ನೀಲಿ ಶೆಡ್ಡಿನವಳು, ಹೋಳಿ ಹಬ್ಬದಿಂದ ಕೆಮ್ಮುತ್ತಿದ್ದಾಳೆ. "ಸಾಹೇಬರ ಕಾರು ನಿಲ್ಲೋದೇ ಅಲ್ಲಿ. ಅವರ ಕಣ್ಣಿಗೆ ಬಿದ್ದರೆ ನಾಳೆ ಬೆಳಿಗ್ಗೆ ಗೇಟಲ್ಲಿ ನಮ್ಮ ಹೆಸರು ಕರೆಯಲ್ಲ, ಬೆನ್." ಕೆಮ್ಮು ಬಂತು, ಸರಳು ಹಿಡಿದುಕೊಂಡು ಮುಗಿಸಿದಳು. "ಆಸ್ಪತ್ರೆಗೆ ಹೋದರೆ ಒಂದು ಪಾಳಿ ಹೋಯಿತು. ಪಾಳಿ ಬಿಟ್ಟರೆ ಕೆಲಸ ಹೋಯಿತು. ಕಂತ್ರಾಟುದಾರ ಹೇಳ್ತಾನೆ, ಸುಶೀಲಾ ನಾಟಕ ಮಾಡ್ತಾಳೆ, ರಜಾ ಬೇಕು ಅದಕ್ಕೆ ಅಂತ. ನನ್ನ ನೋಡಿ ಕೆಮ್ಮು ಕಲಿತರು ಅಂತ ಇವರಿಗೆಲ್ಲ ಬೈತಾನೆ."

"ಚೆನ್ನಾಗಿ ಕಲಿಸಿದ್ದಾಳೆ!" ಎಂದು ಮರದ ಕೆಳಗಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ನಗುತ್ತಲೇ ಅರ್ಧಕ್ಕರ್ಧ ಜನ ಕೆಮ್ಮಿದರು.

"ತಡೀರಿ," ಎಂದಳು ನಿಶ್ಚಿತಾ. "ಎಲ್ಲೂ ಹೋಗಬ್ಯಾಡ್ರಿ." ಅದನ್ನು ಕನ್ನಡದಲ್ಲೇ ಹೇಳಿದ್ದಳು. ಅವರಿಗೆ ಅರ್ಥವಾಯಿತು.

ಒಳಗೆ ಮಕ್ಕಳ ನೃತ್ಯ ಮುಗಿದಿತ್ತು. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಜೋಗದ ಜಲಪಾತ ಇನ್ನೂ ಸುಮ್ಮನೆ ಬೀಳುತ್ತಲೇ ಇತ್ತು. ಕೃಷ್ಣರಾಜರು ಮೈಕು ಹಿಡಿದಿದ್ದರು.

"ವಿಜ್ಞಾನ ಈಗ ಮನೆಬಾಗಿಲಿಗೆ ಬಂದಿದೆ! ಲ್ಯಾಬು ಬೇಡ, ಕತ್ತಲೆ ಕೋಣೆ ಬೇಡ. ನಮ್ಮ ಕನ್ನಡದ ಹೆಣ್ಣುಮಗಳು ನಿಶ್ಚಿತಾ ತೋರಿಸಿಕೊಡ್ತಾರೆ. ಚಿತ್ರ ನೇರವಾಗಿ ಈ ಪರದೆ ಮೇಲೇ ಬರಲಿ, ಎಲ್ರೂ ನೋಡ್ಲಿ."

"ಪರದೆ ಮ್ಯಾಲ ಬ್ಯಾಡ್ರಿ ಸರ," ಎಂದಳು ನಿಶ್ಚಿತಾ. "ಒಬ್ಬರ ಎದಿ ಒಳಗಿಂದು ಊರಿಗೆಲ್ಲ ತೋರಸಬಾರ್ದು."

"ಅಯ್ಯೋ, ನಾನೇ ನಿಲ್ತೀನಮ್ಮ! ಅಧ್ಯಕ್ಷ ಅಂದ್ಮೇಲೆ ಎದೆಗೊಟ್ಟು ನಿಲ್ಬೇಕು. ನನ್ನ ಎದೇಲಿ ಮುಚ್ಚಿಡೋಂಥದ್ದು ಏನಿದೆ?"

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿ ಮಂದಾಕಿನಿ ಮಾತ್ರ ಚಪ್ಪಾಳೆ ತಟ್ಟದೆ, ಗಂಡ ಕಳಚಿ ಕೊಟ್ಟದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡಳು: ಪೇಟ, ಶಾಲು, ಸರ, ಉಂಗುರ, ವಾಚು, ಜೇಬಿನ ಪೆನ್ನು.

"ಮೈಮ್ಯಾಲ ಮತ್ತೇನರ ಲೋಹ ಐತೇನ್ರಿ ಸರ?"

"ಏನೂ ಇಲ್ಲಮ್ಮ. ಇನ್ನು ಇರೋದು ಮನುಷ್ಯ ಮಾತ್ರ."

ಅವರು ಗೋಡೆಯ ಹಲಗೆಗೆ ಎದೆ ಒತ್ತಿ, ಗಲ್ಲ ಎತ್ತಿ, ಸಭೆಗೆ ಬೆನ್ನು ಮಾಡಿ ನಿಂತರು. ನಿಶ್ಚಿತಾ ಆ ಬದಿಯ ಕುರ್ಚಿಗಳನ್ನೆಲ್ಲ ಖಾಲಿ ಮಾಡಿಸಿದಳು, ಸೀಸದ ಅಂಗಿ ತೊಟ್ಟಳು, ಯಂತ್ರವನ್ನು ಕಾಲುಗಂಬದ ಮೇಲೆ ಕೂರಿಸಿದಳು. "ಉಸಿರು ಎಳಕೋರಿ... ಇನ್ನೂ... ಹಿಡೀರಿ... ಅಲ್ಲಾಡಬ್ಯಾಡ್ರಿ." ಬೀಪ್ ಎಂದಿತು. ಅಷ್ಟೇ.

ಜೋಗ ಮಾಯವಾಯಿತು. ಪರದೆಯ ಮೇಲೆ ಆಳೆತ್ತರದ ಎದೆಗೂಡು ಮೂಡಿತು. ಬೆಳ್ಳನೆಯ ಪಕ್ಕೆಲುಬುಗಳು, ಕಪ್ಪನೆಯ ಗಾಳಿ, ಎಡಕ್ಕೆ ವಾಲಿದ ಹೃದಯದ ಬೂದುಬಣ್ಣ. ಅದರ ಪಕ್ಕದಲ್ಲಿ, ಪಕ್ಕೆಲುಬುಗಳಿಗಿಂತಲೂ ಬೆಳ್ಳಗೆ, ಹಲ್ಲು ಹಲ್ಲಾಗಿ, ವೀಳ್ಯದೆಲೆಯಂಥ ತಲೆಯಿದ್ದ ಒಂದು ಬೀಗದ ಕೈ.



"ಪಪ್ಪಾ! ಪಪ್ಪಾನ ಛಾತಿ ಒಳಗೆ ಚಾವಿ ಇದೆ!" ಎಂದು ಕೂಗಿದಳು ಮಗಳು ಕೃಪಾ. ವಡೋದರಾದಲ್ಲಿ ಓದುವವಳು, ಅವಳ ಕನ್ನಡದಲ್ಲಿ ಸಾಮಾನ್ಯವಾಗಿ ಅರ್ಧ ಮಾತ್ರ ಕನ್ನಡ.

"ರೀ," ಎಂದಳು ಮಂದಾಕಿನಿ, ಮಡಿಲಿನ ಪೇಟ ಹಿಡಿದುಕೊಂಡೇ ಎದ್ದು. "ಅದು ಹಿಂದಿನ ಗೇಟಿಂದಲ್ವಾ? ವಡೋದರಾಕ್ಕೆ ಹೋಗಿತ್ತು ಅಂದ್ರಿ?"

ಹಿಂದಿನ ಸಾಲಿನಿಂದ ಒಂದು ಧ್ವನಿ: "ವಡೋದರಾ ಇಷ್ಟು ಹತ್ರ ಅಂತ ಗೊತ್ತಿರ್ಲಿಲ್ಲ ಸ್ವಾಮಿ!"

ಆಮೇಲೆ ನಗುವನ್ನು ಯಾರಿಗೂ ತಡೆಯಲಾಗಲಿಲ್ಲ. ರೈಲ್ವೆಯವರು ನಕ್ಕರು, ವಿಮೆಯವರು ನಕ್ಕರು; ಬ್ಯಾಂಕಿನವರು ಬಾಸ್ ಮುಂದೆ ನಗಬಾರದೆಂದು ಕರ್ಚೀಫಿನೊಳಗೆ ನಕ್ಕರು. ಕೃಷ್ಣರಾಜರ ಕೈ ತಾನಾಗಿ ಬೆನ್ನಿಗೆ ಹೋಯಿತು. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಎಳೆದು ಗಿಡ್ಡ ಮಾಡಿಕೊಂಡಿದ್ದ ಜನಿವಾರ ಹಾಗೇ ಉಳಿದಿತ್ತು, ಅದಕ್ಕೆ ಕಟ್ಟಿದ್ದ ಬೀಗದ ಕೈ ಬನಿಯನ್ನಿನ ಹಿಂದೆ ಹೆಗಲಿನ ಹತ್ತಿರ ಏರಿ ಕೂತಿತ್ತು. ಮನೆಯ ಬೀರು, ಬ್ಯಾಂಕಿನ ಲಾಕರು, ಸಂಘದ ಗೇಟು, ಯಾವುದಾದರೂ ಒಂದು ಸದಾ ಅಲ್ಲಿ ನೇತಾಡುತ್ತಿತ್ತು. ಸುಳ್ಳು ಹೇಳಿದ್ದು ಅವರಿಗೆ ನೆನಪಿತ್ತು. ಜನಿವಾರ ನೆನಪಿರಲಿಲ್ಲ, ಅದು ಅವರಿಗೆ ಮೈಯ ಒಂದು ಭಾಗ.

"ಪುಪ್ಪುಸ ಚೊಕ್ಕ ಅದಾವ್ರಿ ಸರ," ಎಂದಳು ನಿಶ್ಚಿತಾ ಟ್ಯಾಬ್ಲೆಟ್ ನೋಡುತ್ತ, ಬಹಳ ಗಂಭೀರವಾಗಿ. "ಕೀಲಿಕೈ ಒಂದು ಬಿಟ್ರ."

ಮಂದಾಕಿನಿ ವೇದಿಕೆ ಹತ್ತಿ ಗಂಡನ ಮುಂದೆ ಅಂಗೈ ಚಾಚಿದಳು.

ಬೀಗದ ಕೈ ಬರಲಿಲ್ಲ. ಸ್ನಾನದ ನೀರು, ಬೆವರು ಕುಡಿದು ಗಂಟು ಕಲ್ಲಾಗಿತ್ತು. ಕೃಪಾ ಉಗುರು ಹಾಕಿ ನೋಡಿದಳು, ನಿಶ್ಚಿತಾ ಹೇರ್‌ಪಿನ್ ಹಾಕಿ ನೋಡಿದಳು.

"ಕತ್ತರಿಸ್ಲಾ?" ಎಂದಳು ಮಂದಾಕಿನಿ.

"ಏಯ್! ಜನಿವಾರ ಕಣೇ!"

"ಹಾಗಾದ್ರೆ ಜನಿವಾರ ಎಲ್ಲಿ ಹೋಗುತ್ತೋ ನೀವೂ ಅಲ್ಲಿಗೇ ಹೋಗಿ. ನಡೀರಿ."

ಹೀಗೆ ಅಹಮದಾಬಾದಿನ ಕನ್ನಡ ಸಂಘದ ಅಧ್ಯಕ್ಷರು ರೇಷ್ಮೆ ಜುಬ್ಬ ಎತ್ತಿ, ಜನಿವಾರವನ್ನು ಎಷ್ಟು ಸಾಧ್ಯವೋ ಅಷ್ಟು ಉದ್ದ ಬಿಟ್ಟು, ಹಿಂದಿನ ಗೇಟಿನ ಬೀಗಕ್ಕೆ ಸೊಂಟ ಬಗ್ಗಿಸಿ ನಿಲ್ಲಬೇಕಾಯಿತು. ಬೀಗವನ್ನು ಯಾರೂ ಎಗರಿಸದಂತೆ ಗೇಟಿಗೇ ಬೆಸುಗೆ ಹಾಕಿಸಿದ್ದರು, ಅದೂ ಅವರದೇ ಬುದ್ಧಿ. ಬೀಗದ ಕೈ ಒಳಹೋಯಿತು, ಕಿರುಗುಟ್ಟಿತು, ತಿರುಗಿತು. ಅಗುಳಿ ಹಿಂದೆ ಸರಿಯಿತು. ಗೇಟು ತೆರೆಯಿತು. ಆದರೆ ಬೀಗದ ಕೈ ಹೊರಗೆ ಬರಲಿಲ್ಲ. ತುಕ್ಕು ಅದನ್ನು ಕಚ್ಚಿ ಹಿಡಿದಿತ್ತು. ಗೇಟಿನ ಜೊತೆಗೆ ಕೃಷ್ಣರಾಜರೂ ಅರ್ಧವೃತ್ತ ತಿರುಗಿ ಗೋಡೆಯ ಕಡೆ ಬಂದು ನಿಂತರು.

ಹೆಂಗಸರು ಒಳಗೆ ಬಂದರು. ಒಬ್ಬೊಬ್ಬರೂ ಹಾಯುವಾಗ, ಗೇಟಿಗೆ ದಾರ ಕಟ್ಟಿ ನಿಲ್ಲಿಸಿದ ಈ ರೇಷ್ಮೆ ಜುಬ್ಬದ ಮನುಷ್ಯನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮುದುಕಿಯೊಬ್ಬಳು, ಇದು ಇವರ ಕಡೆಯ ಸ್ವಾಗತದ ಪದ್ಧತಿಯಿರಬೇಕು ಎಂದುಕೊಂಡು ಕೈ ಮುಗಿದಳು. ಕೃಷ್ಣರಾಜರೂ ಮುಗಿಯಬೇಕಾಯಿತು. ಅವಳ ಹಿಂದಿನವಳೂ ಮುಗಿದಳು.

ಆಗ ಮುಂದಿನ ಗೇಟಿನ ಕಡೆ ಕಾರಿನ ಹಾರನ್ ಕೇಳಿಸಿತು.

"ನಿತಿನ್‌ಭಾಯ್ ಬಂದ್ರು!" ಕೃಷ್ಣರಾಜರ ಮುಖ ಬಿಳಿಚಿತು. "ಕೃಪಾ, ಓಡು, ಎಣ್ಣೆ ತಗೊಂಡ್ಬಾ! ಮಂದಾಕಿನಿ, ಅವರನ್ನ ಒಳಗೆ ಕರ್ಕೊಂಡ್ಬರ್ಬೇಡ. ದೇವರಾಣೆ, ಹಾಲಿಗೆ ಕರ್ಕೊಂಡ್ಬರ್ಬೇಡ!"

"ಹಾಲಿಗೆ ಯಾಕೆ ಕರ್ಕೊಂಡ್ಬರ್ತೀನಿ? ಎಲೆ ಮುಂದೆ ಕೂರಿಸ್ತೀನಿ," ಎಂದು ಮಂದಾಕಿನಿ ಸೆರಗು ಸಿಕ್ಕಿಸಿದಳು.

ನಮ್ಮವರ ಕೈಗೆ ಸಿಕ್ಕಿದ ಅತಿಥಿ ಎಲೆ ಬಿಟ್ಟೇಳುವುದು ಸುಲಭವಲ್ಲ. ಮಂದಾಕಿನಿ ಹೋಳಿಗೆಯ ತಟ್ಟೆ ಹಿಡಿದು ಮ್ಯಾನೇಜರರ ಎದುರೇ ನಿಂತಳು. ಒಂದು ಹೋಳಿಗೆಗೆ ಅವರು ಹೂಂ ಎಂದರು. ಎರಡನೆಯದಕ್ಕೆ ಕೈ ಅಡ್ಡ ಹಿಡಿದರು, ಕೈಯ ಪಕ್ಕದಿಂದ ಬಿತ್ತು. "ಬಸ್, ಬಸ್, ಭಾಭೀ," ಎಂದರು. "ಬಸ್ ಅಂದ್ರೆ ನಮ್ಮಲ್ಲಿ ಇನ್ನೊಂದು ಹಾಕಿ ಅಂತ ಅರ್ಥ," ಎಂದು ಹಿಂದಿಯಲ್ಲಿ ಹೇಳಿ ಇನ್ನೊಂದು ಹಾಕಿದಳು. ಎಲೆ ಮಡಚಿದರೆ ಬಿಡಿಸಿ ಹಾಕಿದಳು. ಎಲೆಯ ಎದುರು ಹಾಲಿನ ತಲೆಬಾಗಿಲು ಕಾಣದ ಹಾಗೆ ಸಂಘದ ದಪ್ಪ ದಪ್ಪ ಸದಸ್ಯರು ಉಪಚಾರಕ್ಕೆ ಸಾಲಾಗಿ ನಿಂತುಬಿಟ್ಟಿದ್ದರು, ಯಾರೂ ಹೇಳದೆಯೇ. ವರ್ಷವೆಲ್ಲ ಗಾಜು ಏರಿಸಿಕೊಂಡಿದ್ದವರು! ನಗು ಒಮ್ಮೆ ಒಳಹೊಕ್ಕರೆ ಹೀಗೆಲ್ಲ ಆಗುವುದುಂಟು.

"ಕೃಷ್ಣರಾಜ್‌ಜೀ ಎಲ್ಲಿ?"

"ಪೂಜೆಯಲ್ಲಿದ್ದಾರೆ. ಬಗ್ಗಿಕೊಂಡೇ ಇದ್ದಾರೆ. ಪಾಯಸ?"

ಹಾಲಿನಲ್ಲಿ ನಿಶ್ಚಿತಾಳ ಕೆಲಸ ಬಿರುಸಾಗಿ ಸಾಗಿತ್ತು. ದೊಡ್ಡ ಪರದೆ ಈಗ ಆರಿತ್ತು. ಗಲ್ಲ ಎತ್ತು, ಉಸಿರು ಎಳೆ, ಹಿಡಿ, ಬೀಪ್, ಹಲಗೆ ಒರೆಸು. ಒರೆಸಿದ ಬಟ್ಟೆ ಮೊದಲು ನೀಲಿಯಾಯಿತು, ಆಮೇಲೆ ಕೆಂಪು, ಆಮೇಲೆ ಹೆಸರಿಲ್ಲದ ಒಂದು ಬಣ್ಣ. ಉಸಿರು ಹಿಡಿಯುವುದೇ ಕಷ್ಟವಾಗಿತ್ತು. ಹಿಡಿ ಎಂದ ಕೂಡಲೇ ಒಬ್ಬಳಿಗೆ ಕೆಮ್ಮು, ಅದನ್ನು ನೋಡಿ ಇನ್ನೊಬ್ಬಳಿಗೆ ನಗು.

ಗೇಟಿನ ಹತ್ತಿರ ಕೃಪಾ ವಾಪಸ್ ಬಂದಳು. "ಎಣ್ಣೆ ಖತಂ, ಪಪ್ಪಾ. ತುಪ್ಪ ತಂದೆ. ನಿತಿನ್ ಅಂಕಲ್‌ದೇ ತುಪ್ಪ." ಬೀಗದ ಬಾಯಿಗೆ ಬಿಟ್ಟು, "ಹಲಾಯಿಸು, ಹಲಾಯಿಸು," ಎಂದು ಹೇಳಿ, ಹಾಲಿನೊಳಗೆ ಹೆಂಗಸರ ಹೆಸರು ಕೇಳಿ ಬರೆದುಕೊಳ್ಳಲು ಓಡಿದಳು.

ಕೃಷ್ಣರಾಜರು ಅಲುಗಿಸಿದರು. ಇನ್ನೊಮ್ಮೆ ಅಲುಗಿಸಿದರು. ಬೀಗದ ಕೈ ಸದ್ದಿಲ್ಲದೆ ಜಾರಿ ಅಂಗೈಗೆ ಬಂದುಬಿಟ್ಟಿತು.

ಈಗ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜುಬ್ಬ ಇಳಿಬಿಟ್ಟು, ಹಿಂದಿನ ಗೇಟು ಮುಚ್ಚಿಸಿ, ನಗುಮುಖ ಹೊತ್ತು ಮುಂದಿನ ಅಂಗಳಕ್ಕೆ ಹೋಗುವುದು. ತಲೆಬಾಗಿಲ ಕಡೆಯಿಂದ ಮ್ಯಾನೇಜರರ ಧ್ವನಿ ಕೇಳುತ್ತಿತ್ತು. ಸೊಂಟ ಎತ್ತಿ ಅರ್ಧ ನಿಂತರು. ಎದುರಿಗೆ ಸುಶೀಲಾಬೆನ್ ಇದ್ದಳು. ಎಲ್ಲರನ್ನೂ ಒಳಗೆ ಕಳಿಸಿ ತಾನು ಕೊನೆಯವಳಾಗಿ ಸಾಲಿನ ತುದಿಯಲ್ಲಿ ನಿಂತಿದ್ದಳು. ಅವಳಿಗೆ ಕೆಮ್ಮು ಬಂತು. ಅದು ಗಂಟಲಿನಿಂದ ಬರುವ ಕೆಮ್ಮಲ್ಲ, ಹೊಟ್ಟೆಯ ತಳದಿಂದ ಬಕೆಟ್ಟು ಸೇದಿದಂಥದ್ದು. ನಿಲ್ಲಲೇ ಇಲ್ಲ. ಆಧಾರಕ್ಕೆಂದು ಚಾಚಿದ ಕೈಗೆ ಸಿಕ್ಕಿದ್ದು ಅವರ ಹೆಗಲು. ಹಿಡಿದುಕೊಂಡಳು. ಮುಗಿದ ಮೇಲೆ ರೇಷ್ಮೆಯ ಮೇಲೆ ಮೂಡಿದ ಐದು ನೀಲಿ ಬೆರಳು ನೋಡಿ ಹೆದರಿ ಕೈ ಹಿಂದೆಳೆದಳು.

"ಮಾಫ್ ಮಾಡಿ ಕಾಕಾ." ಆಮೇಲೆ ಅವರ ಅಂಗೈ ನೋಡಿದಳು. "ಅರೇ, ಚಾವಿ ಬಂತಲ್ಲ!"

ಕೃಷ್ಣರಾಜರು ತುಟಿಯ ಮೇಲೆ ಬೆರಳಿಟ್ಟರು. ಮತ್ತೆ ಬಗ್ಗಿದರು. ಬೀಗದ ಕೈಯನ್ನು ಬೀಗದೊಳಕ್ಕೆ ತುಪ್ಪಸಮೇತ ತೂರಿಸಿ, ಗಟ್ಟಿಯಾಗಿ ಕೂಗಿದರು:

"ಬರ್ತಾ ಇಲ್ಲ ಕಣೇ, ಮಂದಾಕಿನಿ! ಇನ್ನೂ ಕಚ್ಕೊಂಡೇ ಇದೆ! ಅವರಿಗೆ ಇನ್ನೊಂದು ಹೋಳಿಗೆ ಹಾಕು!"

ಸುಶೀಲಾಬೆನ್‌ಗೆ ಕನ್ನಡ ಬರುವುದಿಲ್ಲ. ಆದರೂ ಅವಳು ಸೆರಗು ಬಾಯಿಗೊತ್ತಿ ನಗುತ್ತ ಒಳಗೆ ಹೋದಳು. ನಕ್ಕಿದ್ದರಿಂದ ಉಸಿರು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಚಿತ್ರ ಬಂದಾಗ ನಿಶ್ಚಿತಾ ಟ್ಯಾಬ್ಲೆಟ್ಟನ್ನು ತನ್ನ ಕಡೆ ತಿರುಗಿಸಿಕೊಂಡಳು. ರೋಗದ ಅನುಮಾನವಿರುವ ಕಡೆ ಅದು ತಾನಾಗಿ ಗುರುತು ಹಾಕುತ್ತದೆ; ಈಗ ಎದೆಯ ತುಂಬ ಹಾಕಿತ್ತು.

"ತೋರಿಸು, ಬೆನ್."

"ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಇವತ್ತೇ ನೋಡ್ತಾರೆ. ಮುಂದಿನ ಕೆಲಸ ನಮ್ಮ ಟ್ರಸ್ಟಿನವರೇ ಮಾಡ್ತಾರೆ, ನಿಮ್ಮನ್ನ ಬಿಟ್ಟು ಹೋಗಲ್ಲ."

"ಅದು ಸರಿ. ತೋರಿಸು."

ನಿಶ್ಚಿತಾ ತಿರುಗಿಸಿ ತೋರಿಸಿದಳು. ಕಪ್ಪಗಿರಬೇಕಾದ ಕಡೆ, ಎರಡೂ ಬದಿಯಲ್ಲಿ, ಹತ್ತಿ ಹಿಂಜಿ ಉದುರಿಸಿದ ಹಾಗೆ ಬೆಳ್ಳಗೆ. ಸುಶೀಲಾಬೆನ್ ಬಹಳ ಹೊತ್ತು ನೋಡಿದಳು. ಅವಳು ಅಳಬಹುದು ಎಂದು ಕೃಪಾ ಹತ್ತಿರ ಬಂದು ನಿಂತಳು.

"ನಾಟಕ ಅಂದಿದ್ದನಲ್ಲ!" ಸುಶೀಲಾಬೆನ್ ಹಾಲಿನಲ್ಲಿದ್ದ ಎಲ್ಲರ ಕಡೆ ತಿರುಗಿದಳು. ಅವಳ ಕಣ್ಣು ಹೊಳೆಯುತ್ತಿತ್ತು. "ನೋಡ್ರೇ, ಇಲ್ಲಿ ಬನ್ನಿ! ನಾಟಕ ಹೀಗೆ ಬೆಳ್ಳಗೆ ಕಾಣುತ್ತಾ? ನಾನು ಒಂದು ಸಲವೂ ಸುಳ್ಳು ಕೆಮ್ಮಲಿಲ್ಲ. ಒಂದು ಸಲವೂ!" ಫೋನು ತೆಗೆದು ಮುಂದೆ ಹಿಡಿದಳು. "ಇದಕ್ಕೆ ಕಳಿಸು ಬೆನ್. ಕಂತ್ರಾಟುದಾರ ದಿನಾ ಎಲ್ಲರ ವಾಟ್ಸಾಪ್ ಸ್ಟೇಟಸ್ ನೋಡ್ತಾನೆ. ನಾಳೆ ಹೆಸರು ಕರೆಯದಿದ್ದರೆ ಬಿಡಲಿ, ಇವತ್ತು ನನ್ನದು ನೋಡಲಿ."

"ನನ್ನದೂ ಕಳಿಸು," ಎಂದಳು ಮುದುಕಿ. "ನನ್ನದೂ." "ನನಗೂ." ಹಾಲಿನ ತುಂಬ ಫೋನುಗಳು ಒಂದಾದ ಮೇಲೊಂದು ಟಿಣ್ಣೆಂದವು.

ಊಟದ ಗಂಟೆ ಮುಗಿಯುವ ಸೈರನ್ ಕೂಗುವ ಮೊದಲೇ ಅವರು ಹಿಂದಿನ ಗೇಟಿನಿಂದ ಹೊರಬಿದ್ದರು. ಮಂದಾಕಿನಿ ಅಡುಗೆಮನೆಯ ಕಡೆಯಿಂದ ಸುತ್ತಿಬಂದು ಒಬ್ಬೊಬ್ಬರ ಕೈಗೂ ಕಾಗದದಲ್ಲಿ ಸುತ್ತಿದ ಹೋಳಿಗೆ ಇಟ್ಟಳು. ಗೇಟಿನ ಬಳಿ ಬಗ್ಗಿದ್ದವರು ಈಗ ನೆಟ್ಟಗೆ ನಿಂತು, ಹೆಗಲಿನ ಮೇಲೆ ನೀಲಿ ಬೆರಳುಗಳನ್ನು ಹಾಗೇ ಇಟ್ಟುಕೊಂಡು, ಹೋಗುವವರಿಗೆ ದಾರಿ ಬಿಟ್ಟರು.

ಗಲ್ಲಿಯ ತಿರುವಿನಲ್ಲಿ ನೆರಳು ಮುಗಿಯುವ ಕಡೆ ಸುಶೀಲಾಬೆನ್ ನಿಂತಳು. ಒಂದು ಕೈಯಲ್ಲಿ ಹೋಳಿಗೆ. ಇನ್ನೊಂದು ಕೈಯಿಂದ ಫೋನನ್ನು ಮೇಲೆತ್ತಿ, ಹಳೆಯ ಕಾಲದ ಎಕ್ಸ್‌ರೇ ಹಾಳೆಯನ್ನು ಹಿಡಿಯುವ ಹಾಗೆ, ಸೂರ್ಯನಿಗೆ ಅಡ್ಡ ಹಿಡಿದು ತನ್ನ ಎದೆ ನೋಡಿಕೊಂಡಳು. ಅವಳ ಹಿಂದೆ ಮುದುಕಿಯೂ ಎತ್ತಿ ಹಿಡಿದಳು. ಆಮೇಲೆ ನೀಲಿ ಕೈಗಳು, ಕೆಂಪು ಕೈಗಳು, ಒಂದೊಂದಾಗಿ. ಕಾರ್ಖಾನೆಯ ಗೇಟು ತಲುಪುವವರೆಗೂ ಅವರು ಯಾರೂ ಕೈ ಕೆಳಗಿಳಿಸಲಿಲ್ಲ.